ಲಾರೆನ್ಸಣ್ಣ ದುಡ್ಡು ಕೊಟ್ಟ ಮಳೆಗಾಲ

ಹೋದ ವಾರ ಮಗಳ ಕಣ್ಣು ತೋರಿಸಲು ಸಾಗರಕ್ಕೆ ಹೋಗಿದ್ದೆ. ಡಾಕ್ಟರ ಹತ್ತಿರ ಕೆಲಸ ಮುಗಿಯುವಷ್ಟರಲ್ಲಿ ಹಸಿವಾಗಿತ್ತು, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿಗೆ ಹೊಕ್ಕೆವು. ಬೇರೆಯವರ ಹೋಟೆಲಿನಲ್ಲಿ ಕಾಲು ಚಾಚಿ ಕೂತು ತಿನ್ನುವ ಸುಖ ಏನೆಂದು ಹೋಟೆಲಿನವರನ್ನೇ ಕೇಳಬೇಕು. ದೋಸೆ ಬಂತು. ಮೊದಲ ತುತ್ತು ಮುರಿದು ಬಾಯಿಯ ಹತ್ತಿರ ತಂದಿದ್ದೆ, ಅಷ್ಟರಲ್ಲಿ ಕ್ಯಾಶ್ ಟೇಬಲ್ಲಿನ ಕಡೆಯಿಂದ ‘ಚರ್ರ್’ ಎಂದು ಬಿಲ್ಲು ಹೊರಬಂದ ಸದ್ದು ಕೇಳಿಸಿತು. ನನ್ನ ಕೈ ಅಲ್ಲೇ ನಿಂತಿತು.

“ಎಂತಾಯ್ತಮ್ಮಾ?” ಎಂದಳು ಮಗಳು.

“ಎಂತದೂ ಇಲ್ಲ, ನೀ ತಿನ್ನು” ಎಂದೆ. ಆದರೆ ಆ ದೋಸೆಯ ರುಚಿ ನನಗೆ ಗೊತ್ತಾಗಲೇ ಇಲ್ಲ. ನಾನು ನಾಲ್ಕು ಮಳೆಗಾಲ ಹಿಂದಕ್ಕೆ ಹೋಗಿ ನಮ್ಮದೇ ಹೋಟೆಲಿನ ಬಾಗಿಲಲ್ಲಿ ನಿಂತಿದ್ದೆ.

ನಮ್ಮ ಹೋಟೆಲು ಇರುವುದು ನಿಟ್ಟೂರಿನಿಂದ ಸ್ವಲ್ಪ ಈಚೆ, ಕೊಲ್ಲೂರಿಗೆ ಹೋಗುವ ರಸ್ತೆಯ ತಿರುವಿನಲ್ಲಿ. ನನ್ನ ಮಾವನವರು ಶುರು ಮಾಡಿದ್ದು. ದೇವಸ್ಥಾನಕ್ಕೆ ಹೋಗುವವರ ದಾರಿ ಅಂತ ‘ಶುದ್ಧ ಸಸ್ಯಾಹಾರಿ’ ಎಂದು ಬೋರ್ಡು ಹಾಕಿದ್ದಾರೆ. ಒಕ್ಕಲಿಗರಾದ ನಾವು ಹಿಂದಿನ ಮನೆಯಲ್ಲಿ ಭಾನುವಾರ ಕೋಳಿ ಸಾರು ಮಾಡಿದರೆ ಕಿಟಕಿ ಮುಚ್ಚಿಕೊಂಡು ಮಾಡುತ್ತೇವೆ. ಅಡುಗೆ ನನ್ನ ಗಂಡ ಗಣೇಶನದು, ಗಲ್ಲಾ ನನ್ನದು. ಬಡಿಸಲು ಇಬ್ಬರು ಇದ್ದಾರೆ. ಬೆಳಿಗ್ಗೆ ಕಡುಬು, ಕಾಯಿ ಚಟ್ನಿ, ಬನ್ಸು, ಮಧ್ಯಾಹ್ನ ಊಟ. ಇಷ್ಟೇ. ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ನನ್ನ ತವರಿನವರು “ಕಾಡಿನ ಮಧ್ಯೆ ಹೋಟೆಲ್ ಇಟ್ಕಂಡು ಯಾರಿಗೆ ಬಡಿಸ್ತೀರಿ?” ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದರು. ಯಾರಿಗೆ ಅಂದರೆ, ಬಸ್ಸಿನವರಿಗೆ. ಸಾಗರದಿಂದ ಹೊಸನಗರದ ಮೇಲೆ ಬರುವ ಬೆಳಗಿನ ಬಸ್ಸು ತಿಂಡಿ ಹೊತ್ತಿಗೆ ನಮ್ಮಲ್ಲಿ ನಿಲ್ಲುತ್ತದೆ. ಸಂಜೆ ತೀರ್ಥಹಳ್ಳಿ ಕಡೆಯದು ಕಾಫಿಗೆ ನಿಲ್ಲುತ್ತದೆ. ಬಸ್ಸು ನಿಂತ ಕಡೆ ಕಾರಿನವರೂ ನಿಲ್ಲುತ್ತಾರೆ. ಆ ರಸ್ತೆಯಲ್ಲಿ ಹೋಟೆಲುಗಳೇನು ನಮ್ಮದೊಂದೇ ಅಲ್ಲ. ಯಾವ ಹೋಟೆಲಿನ ಒಲೆ ಉರಿಯಬೇಕು ಎಂದು ತೀರ್ಮಾನ ಮಾಡುವುದು ಡ್ರೈವರನ ಬ್ರೇಕಿನ ಮೇಲಿನ ಕಾಲು.

ಹಾಗಾಗಿ ಡ್ರೈವರ್ ಕಂಡಕ್ಟರರ ಹತ್ತಿರ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಇದು ಘಟ್ಟದ ಮೇಲೆ ಕೆಳಗೆ ಎಲ್ಲ ಕಡೆ ಇರುವ ಪದ್ಧತಿ. ಆದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಡುಗೆಮನೆ ಬಾಗಿಲ ಪಕ್ಕ ಅವರದೊಂದು ಮೇಜು. ಬರುತ್ತಾರೆ, ತಿನ್ನುತ್ತಾರೆ, ಕೈ ತೊಳೆದು “ಬರ್ತೀನಿ ಸುಮಿತ್ರಮ್ಮ” ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಅದೇ ರೀತಿ ನಾವು ಮನೆಯವರು ಆ ಬಸ್ಸು ಹತ್ತಿದರೆ ಕಂಡಕ್ಟರ್ ಉಮೇಶ ನಮ್ಮ ಸೀಟಿನ ಹತ್ತಿರ ಬರುವಾಗ ಕಿಟಕಿಯಾಚೆ ಏನೋ ನೋಡುತ್ತಾ ಮುಂದೆ ಹೋಗಿಬಿಡುತ್ತಾನೆ. ನಾನು ಮದುವೆಯಾಗಿ ಬಂದಂದಿನಿಂದ ಆ ಬಸ್ಸಿನ ಟಿಕೆಟ್ಟು ಯಾವ ಬಣ್ಣದ್ದು ಎಂದೇ ನೋಡಿರಲಿಲ್ಲ.

ಡ್ರೈವರ್ ಲಾರೆನ್ಸಣ್ಣ. ಆ ದಾರಿಯಲ್ಲೇ ಕ್ಲೀನರ್ ಆಗಿ ಶುರು ಮಾಡಿ, ಕಂಡಕ್ಟರ್ ಆಗಿ, ಆಮೇಲೆ ಸ್ಟೇರಿಂಗ್ ಹಿಡಿದವರು. ನನ್ನ ಮಾವನವರ ಕೈಯಲ್ಲಿ ಕಡುಬು ತಿಂದವರು. ಮಾತು ಕಡಿಮೆ. ಚಟ್ನಿ ಮಾತ್ರ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಆ ವರ್ಷ ಮಳೆ ಶುರುವಾಗುವ ಮುಂಚೆ ನನ್ನ ಭಾವ, ಅಂದರೆ ಗಂಡನ ಅಣ್ಣ, ಸಾಗರದಿಂದ ಬಂದರು. ಸಾಗರದಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಹೋಟೆಲು ನಡೆಸುವವರು ನಾವಾದರೂ ಕಟ್ಟಡ ಇರುವುದು ಅವರ ಹೆಸರಿನಲ್ಲಿ, ಲಾಭ ಇಬ್ಬರಿಗೂ ಸಮ. ಜೊತೆಗೆ ಶಿವಮೊಗ್ಗದ ಒಬ್ಬ ಸೇಲ್ಸ್‌ನವನಿದ್ದ. ಮೇಜಿನ ಮೇಲೆ ಒಂದು ಟ್ಯಾಬು, ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಪ್ರಿಂಟರ್ ಇಟ್ಟ. ಹೋಟೆಲ್ ನಡೆಸುವ ಸಾಫ್ಟ್‌ವೇರ್ ಅಂತೆ. ಹೋಟೆಲನ್ನು ಅದೇ ನಡೆಸುವುದಾದರೆ ನಾವೇನು ಮಾಡುವುದು ಎಂದು ನನಗೆ ಆಗಲೇ ಅನ್ನಿಸಿತು.

ರೇಟಿನ ಮಾತು ಬಂತು. ಅವನು ಹೇಳಿದ ಮೊತ್ತ ಕೇಳಿ ಭಾವ “ಅಷ್ಟೇನಾ?” ಎಂದು ಖುಷಿಪಟ್ಟರು. ಆಮೇಲೆ ಒಂದೊಂದಾಗಿ ಬಾಲ ಬಿಚ್ಚಿತು. ಅದು ಬರೀ ಮೊದಲ ವರ್ಷದ ರೇಟು. ಅಡುಗೆಮನೆಗೆ ಚೀಟಿ ಹೋಗಬೇಕಾದರೆ ಆ ಪ್ರಿಂಟರು ಬೇರೆ. ಸಾಗರದಲ್ಲಿ ಕೂತು ಮೊಬೈಲಿನಲ್ಲಿ ನೋಡಬೇಕಾದರೆ ಅದಕ್ಕೆ ಬೇರೆ. ಗಿರಾಕಿಗೆ ಮೆಸೇಜು ಬೇರೆ. ಕೆಟ್ಟರೆ ಬಂದು ನೋಡುವುದು ಬೇರೆ.

“ಇದ್ರಲ್ಲಿ ಬೇರೆ ಅಲ್ದೇ ಇರೋದು ಯಾವ್ದಪ್ಪ?” ಎಂದೆ.

ಅವನು ನಕ್ಕ. ಭಾವ ನಗಲಿಲ್ಲ. “ಸುಮಿತ್ರಾ, ನಿಮ್ಮ ಲೆಕ್ಕ ಎಲ್ಲ ಬಾಯಲ್ಲಿ. ಎಷ್ಟು ಹೋಯ್ತು, ಎಷ್ಟು ಬಂತು, ನಂಗೇನೂ ಗೊತ್ತಾಗಲ್ಲ. ಈಗ ಕೂತಲ್ಲೇ ಕಾಣುತ್ತೆ. ದೀಪಾವಳಿವರೆಗೆ ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಕಟ್ಟಡ ಬೇರೆಯವ್ರಿಗೆ ಕೊಡ್ತೀನಿ. ಕುಂದಾಪುರದ ಪಾರ್ಟಿಯೊಬ್ರು ಕೇಳ್ತಾ ಇದಾರೆ” ಎಂದರು.

ನನ್ನ ಗಂಡ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅಣ್ಣನಿಗೆ ಎದುರು ಮಾತಾಡಿ ಅಭ್ಯಾಸ ಇರಲಿಲ್ಲ. ಈ ಹೋಟೆಲು ಹೋದರೆ ನಮಗೆ ಗೊತ್ತಿರುವ ಇನ್ನೊಂದು ಕೆಲಸ ಇಲ್ಲ. ಎಲ್ಲರೂ ಏಳುವಾಗ ಧೈರ್ಯ ಮಾಡಿ ಒಂದು ಮಾತು ಕೇಳಿದೆ. “ಡ್ರೈವರ್ ಕಂಡಕ್ಟರ್ ತಿಂದಿದ್ದು ಇದ್ರಲ್ಲಿ ಎಲ್ಲಿ ಹಾಕೋದು?”

“ಕಾಂಪ್ಲಿಮೆಂಟರಿ, ಅಂದ್ರೆ ಫ್ರೀ ಅಂತ ಒಂದು ಬಟನ್ ಇದೆ ಮೇಡಂ. ಒತ್ತಿದ್ರೆ ಓನರ್ ಮೊಬೈಲಿಗೆ ಓಟಿಪಿ ಹೋಗುತ್ತೆ. ಅವ್ರು ಆ ನಂಬರ್ ಹೇಳಿದ್ರೆ ಪಾಸಾಗುತ್ತೆ.”

“ಅದೆಲ್ಲ ದಿನಾ ಒತ್ತೋಕೆ ಹೋಗ್ಬೇಡ” ಎಂದರು ಭಾವ, ಚಪ್ಪಲಿ ಮೆಟ್ಟುತ್ತಾ.

ಮಳೆ ಹಿಡಿಯಿತು. ಮಿಷನ್ನೂ ಶುರುವಾಯಿತು. ಆ ಎರಡರಲ್ಲಿ ಯಾವುದು ಹೆಚ್ಚು ಸದ್ದು ಮಾಡುತ್ತಿತ್ತೋ ಹೇಳಲಾರೆ. ಒಂದು ಕಡುಬು ಅಡುಗೆಮನೆ ದಾಟಬೇಕಾದರೂ ಚೀಟಿ ಆಗಬೇಕು. ಚೀಟಿ ಆದ ಕೂಡಲೇ ಸಾಗರದಲ್ಲಿ ಕಾಣುತ್ತದೆ. ಕಾಣದಿದ್ದರೆ ಫೋನು. “ಹತ್ತು ಗಂಟೆಯಾದ್ರೂ ಎಂತ ಸೇಲ್ ಇಲ್ಲ?” “ರಸ್ತೆಗೆ ಮರ ಬಿದ್ದಿದೆ ಭಾವ, ಬಸ್ಸು ಬಂದಿಲ್ಲ.” “ಎರಡು ಕಾಫಿ ಕ್ಯಾನ್ಸಲ್ ಅಂತ ಬಂದಿದೆ, ಎಂತ ಅದು?” “ಕೈತಪ್ಪಿ ಒತ್ತಿದೆ ಭಾವ.” ಫೋನು ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ರಿಂಗಾಗದಿದ್ದರೆ ಇನ್ನೂ ಹೆಚ್ಚು. ಭಾವ ಆ ಪ್ರಿಂಟರಿನೊಳಗೇ ಕೂತು ನನ್ನ ಕೈ ನೋಡುತ್ತಿದ್ದಾರೆ ಎಂದು ಅನ್ನಿಸಿ, ಸೆರಗು ಸರಿಮಾಡಿಕೊಂಡೇ ಗಲ್ಲಾದಲ್ಲಿ ಕೂರುತ್ತಿದ್ದೆ. ನಗು ಬರುತ್ತದೆ ಈಗ. ಆಗ ಬರುತ್ತಿರಲಿಲ್ಲ.

ಓಟಿಪಿ ಒಂದೇ ಸಲ ಪ್ರಯತ್ನ ಮಾಡಿದ್ದು. ಲಾರೆನ್ಸಣ್ಣ, ಉಮೇಶ ಮೇಜಿನ ಮುಂದೆ ಕೂತಿದ್ದರು, ನಾನು ಫ್ರೀ ಬಟನ್ ಒತ್ತಿದ್ದೆ, ಅಷ್ಟರಲ್ಲಿ ಮಳೆಗೆ ನೆಟ್‌ವರ್ಕ್ ಹೋಗಿತ್ತು. ಭಾವನಿಗೆ ಫೋನು ಮಾಡಲು ಕೊಡೆ ಹಿಡಿದು ರಸ್ತೆಯಾಚೆಯ ದಿಬ್ಬ ಹತ್ತಿದೆ. ಆ ತುದಿಯಲ್ಲಿ ಒಂದು ಗೆರೆ ಸಿಗ್ನಲ್ ಸಿಗುತ್ತಿತ್ತು. ಕೆಳಗೆ ಬಸ್ಸು ತುಂಬಾ ಜನ ಕಾಯುತ್ತಿದ್ದಾರೆ, ಒಳಗೆ ಡ್ರೈವರು ಕಡುಬಿಗೆ ಕಾಯುತ್ತಿದ್ದಾರೆ, ಕಡುಬು ಚೀಟಿಗೆ ಕಾಯುತ್ತಿದೆ, ಚೀಟಿ ಭಾವನಿಗೆ. ಭಾವ ಫೋನು ಎತ್ತಲಿಲ್ಲ, ಸ್ನಾನಕ್ಕೆ ಹೋಗಿದ್ದರಂತೆ. ವಾಪಸು ಓಡಿ ಬಂದು ಅವರಿಬ್ಬರ ತಿಂಡಿಯನ್ನು ಮಾಮೂಲು ಗಿರಾಕಿಯ ಹಾಗೆ ಹಾಕಿ, ನಮ್ಮ ದನದ ಹಾಲು ಮಾರಿ ನಾನು ಇಟ್ಟುಕೊಂಡಿದ್ದ ದುಡ್ಡನ್ನು ಗಲ್ಲಾಕ್ಕೆ ಸುರಿದೆ. ಬಂದ ಬಿಲ್ಲನ್ನು ಮುದುರಿ ಒಲೆಗೆ ಹಾಕಿದೆ. ಅಂದಿನಿಂದ ದಿನಾ ಹಾಗೇ ಮಾಡಿದೆ. ಡೈರಿಗೆ ಹಾಲು ಹಾಕಿ ಬಂದದ್ದು ಲಾರೆನ್ಸಣ್ಣನ ಕಡುಬಿಗೆ ಹೋಗುತ್ತಿತ್ತು. ಭಾವನಿಗೆ ಮಾತ್ರ ಸೇಲು ಏರಿದ ಹಾಗೆ ಕಂಡು, “ನೋಡು, ಮಿಷನ್ ಬಂದ್ಮೇಲೆ ಸೋರೋದು ನಿಂತಿದೆ” ಎಂದು ತಮ್ಮನ ಹತ್ತಿರ ಹೆಮ್ಮೆಪಟ್ಟರಂತೆ.

ಇದು ಎಷ್ಟು ದಿನ ನಡೆಯುತ್ತಿತ್ತೋ. ಒಂದು ಬೆಳಿಗ್ಗೆ ಭಾವ ಹೇಳದೇ ಕೇಳದೇ ಕಾರಿನಲ್ಲಿ ಬಂದಿಳಿದು, “ನೀನೊಂದು ಸ್ವಲ್ಪ ಏಳು, ನಾನು ಕೂತು ನೋಡ್ತೀನಿ” ಎಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ಅಲ್ಲೇ ಬೆಂಕಿಯ ಮೇಲೆ ನಿಂತ ಹಾಗೆ ನಿಂತೆ. ಬಸ್ಸು ಬಂತು. ಜನ ಇಳಿದರು. ಲಾರೆನ್ಸಣ್ಣ, ಉಮೇಶ ಇಬ್ಬರೂ ತಮ್ಮ ಮೇಜಿಗೆ ಹೋದರು. ತಿಂದರು, ಎರಡನೇ ಸಲ ಚಟ್ನಿ ಹಾಕಿಸಿಕೊಂಡರು, ಕೈ ತೊಳೆದು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಾ ಬಂದರು. ಗಲ್ಲಾದ ಮುಂದೆ ಪ್ಯಾಸೆಂಜರುಗಳ ಸಾಲು.

“ಬರ್ತೀನಿ ಸುಮಿತ್ರಮ್ಮ.”

“ಲಾರೆನ್ಸಣ್ಣ, ಒಂದ್ನಿಮಿಷ” ಎಂದರು ಭಾವ. ಚರ್ರ್. ಬಿಲ್ಲು ಹರಿದು, ನಗುತ್ತಾ ಮುಂದೆ ಹಿಡಿದರು. “ಸಿಸ್ಟಮ್ ಬಂದಿದೆ ಅಲ್ವಾ ಈಗ. ಯಾರಿಗೂ ಬಿಡೋ ಹಾಗಿಲ್ಲ.”

ಲಾರೆನ್ಸಣ್ಣ ಆ ಚೀಟಿ ತೆಗೆದುಕೊಂಡರು. ಕನ್ನಡಕ ಬಸ್ಸಿನಲ್ಲಿತ್ತೇನೋ, ದೂರ ಹಿಡಿದು ಓದಿದರು. ನನ್ನ ಕಡೆ ನೋಡಲಿಲ್ಲ. ಜೇಬಿನಿಂದ ಪರ್ಸು ತೆಗೆದು ಒಂದು ನೋಟು ಇಟ್ಟರು. ಭಾವ ಚಿಲ್ಲರೆ ಹುಡುಕುತ್ತಿದ್ದಾಗ, “ಇರ್ಲಿ” ಎಂದು ಹೊರಗೆ ನಡೆದರು. ಬೈದಿದ್ದರೆ, ಜಗಳ ಆಡಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ಅವರು ದುಡ್ಡು ಕೊಟ್ಟುಬಿಟ್ಟರು.

ಮರುದಿನ ಹೊತ್ತಿಗೆ ಸರಿಯಾಗಿ ಕಡುಬು ಬೆಂದು, ಚಟ್ನಿ ರುಬ್ಬಿ, ಲೋಟಗಳನ್ನು ಸಾಲಾಗಿ ಇಟ್ಟಿದ್ದೆವು. ಮಳೆಯ ನಡುವೆ ಹೆಡ್‌ಲೈಟು ಕಂಡಿತು. ಬಸ್ಸು ನಿಧಾನವಾಯಿತು. ಗಣೇಶ ಕಾಫಿಗೆ ಹಾಲು ಏರಿಸಿದರು. ಆದರೆ ಅದು ನಿಧಾನವಾದದ್ದು ನಮ್ಮ ಎದುರಿನ ರಸ್ತೆ ಗುಂಡಿಗೆ. ಗುಂಡಿ ದಾಟಿತು, ಗೇರು ಬದಲಾಯಿತು, ಹೋಯಿತು. ಸಂಜೆ ತೀರ್ಥಹಳ್ಳಿ ಬಸ್ಸೂ ಹಾಗೇ ಹೋಯಿತು. ಡ್ರೈವರುಗಳ ನಡುವೆ ಸುದ್ದಿ ಹೋಗಲು ಯಾವ ನೆಟ್‌ವರ್ಕೂ ಬೇಡ. ಆ ವಾರದಲ್ಲಿ ಕಾರಿನವರೂ ಕಡಿಮೆಯಾದರು. ಉಳಿದ ಕಡುಬನ್ನು ಗಣೇಶ ದನಕ್ಕೆ ಹಾಕುತ್ತಿದ್ದರು.

ಭಾವನ ಫೋನು ಬಂತು. “ಸೇಲ್ ತೋರಿಸ್ತಾನೇ ಇಲ್ವಲ್ಲ, ಮಿಷನ್ ಕೆಟ್ಟಿದ್ಯಾ?”

“ಬಸ್ಸು ನಿಲ್ತಾ ಇಲ್ಲ ಭಾವ” ಎಂದೆ.

“ಎರಡು ತಿಂಡಿಗೆ ಯಾರಾದ್ರೂ ಬಸ್ ನಿಲ್ಸೋದು ಬಿಡ್ತಾರಾ? ಮಿಷನ್ನೇ ಕೆಟ್ಟಿರ್ಬೇಕು” ಎಂದು, ಬೇರೆ ದುಡ್ಡು ಕಟ್ಟಿ ಶಿವಮೊಗ್ಗದಿಂದ ರಿಪೇರಿಯವನನ್ನು ಕಳಿಸಿದರು. ಪಾಪ, ಮಳೆಯಲ್ಲಿ ಬೈಕಿನಲ್ಲಿ ನೆನೆದು ಬಂದ. ಬಿಚ್ಚಿದ, ಊದಿದ, ಜೋಡಿಸಿದ. “ಮಿಷನ್ ಸರಿ ಇದೆ ಮೇಡಂ, ಜನ ಇಲ್ಲ ಅಷ್ಟೆ” ಎಂದ. ಆ ದಿನ ನಮ್ಮಲ್ಲಿ ಕಡುಬು ತಿಂದ ಗಿರಾಕಿ ಅವನೊಬ್ಬನೇ.

ದೀಪಾವಳಿ ಹತ್ತಿರ ಬರುತ್ತಿತ್ತು. ಕುಂದಾಪುರದ ಪಾರ್ಟಿ ಒಂದು ದಿನ ಬಂದು ಕಟ್ಟಡವನ್ನು ಹೊರಗಿನಿಂದ ಸುತ್ತಿ ನೋಡಿಹೋದರು. ಒಳಗೆ ಬಂದು ಕಾಫಿಯನ್ನೂ ಕುಡಿಯಲಿಲ್ಲ. ಅವರು ಹೋದ ಮೇಲೆ ನಾನು ಗಣೇಶನಿಗೆ ಹೇಳಿದೆ, “ನಾನು ಲಾರೆನ್ಸಣ್ಣನ ಹತ್ರ ಮಾತಾಡ್ತೀನಿ.”

“ಬೇಡ, ಇನ್ನೂ ಕೆಡುತ್ತೆ” ಎಂದರು.

“ಕೆಡೋಕೆ ಇನ್ನೆಂತ ಉಳಿದಿದೆ?”

ಮಧ್ಯಾಹ್ನ ಕೊಲ್ಲೂರಿನಿಂದ ಸಾಗರಕ್ಕೆ ಅದೇ ಬಸ್ಸು ವಾಪಸು ಬರುತ್ತದೆ. ಹೋಟೆಲಿನ ಎದುರು ಕೊಡೆ ಹಿಡಿದು ನಿಂತು ಕೈ ಅಡ್ಡ ಹಾಕಿದೆ. ನನ್ನನ್ನು ನೋಡಿಯೂ ನಿಲ್ಲಿಸದೆ ಹೋದರೆ ಆಮೇಲೆ ಕೇಳುವುದು ಏನೂ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಬಸ್ಸು ನಮ್ಮ ಬೋರ್ಡು ದಾಟಿ, ಅಷ್ಟು ದೂರ ಹೋಗಿ ನಿಂತಿತು. ಓಡಿ ಹೋಗಿ ಹತ್ತಿದೆ. ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು, ಕೂತೆ. ಉಮೇಶ ಬಂದು ನನ್ನ ಪಕ್ಕ ನಿಂತ. ಕಿಟಕಿಯಾಚೆ ನೋಡಲಿಲ್ಲ, ನನ್ನನ್ನೇ ನೋಡಿದ.

“ಎಲ್ಲಿಗೆ?”

“ಸಾಗರಕ್ಕೆ” ಎಂದೆ.

ಅವನ ಕೈಯ ಮಿಷನ್ನು ‘ಚರ್ರ್’ ಎಂದಿತು. ಥೇಟ್ ನಮ್ಮ ಮಿಷನ್ನಿನ ಸದ್ದೇ. ಟಿಕೆಟ್ಟು ಹರಿದು ಕೊಟ್ಟ. ದುಡ್ಡು ಎಣಿಸಿ ಕೊಟ್ಟೆ. ಸುತ್ತ ಕೂತವರಿಗೆ ಏನೂ ಗೊತ್ತಿಲ್ಲ, ಆದರೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ ಮುಖ ಬಿಸಿಯಾಯಿತು. ಅಂದು ಲಾರೆನ್ಸಣ್ಣ ನಮ್ಮ ಗಲ್ಲಾದ ಮುಂದೆ ನಿಂತಿದ್ದು ಹೀಗೇ.

ಹೊಸನಗರದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಾಗ ಜನ ಇಳಿದರು, ಲಾರೆನ್ಸಣ್ಣ ಸೀಟಿನಲ್ಲೇ ಕೂತಿದ್ದರು. ಹಿಂದಿನಿಂದಲೇ ಹೇಳಿದೆ, “ಲಾರೆನ್ಸಣ್ಣ, ನಮ್ಮ ಹೋಟೆಲ್ ಹೋಗುತ್ತೆ.”

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. “ದುಡ್ಡಿನ ಮಾತಲ್ಲ ಸುಮಿತ್ರಮ್ಮ. ನಿಮ್ಮ ಭಾವನ್ನ ಇದೇ ದಾರೀಲಿ ಬಾನೆಟ್ ಮೇಲೆ ಕೂರಿಸ್ಕಂಡು ಕಾಲೇಜಿಗೆ ಕರ್ಕಂಡು ಹೋಗಿದೀನಿ. ಮಳೇಲಿ ಅವ್ನ ಪುಸ್ತಕ ನೆನೀಬಾರ್ದು ಅಂತ ನನ್ನ ಸೀಟಿನ ಕೆಳಗೆ ಇಡ್ತಿದ್ದೆ. ಒಂದು ದಿನಾನೂ ಟಿಕೆಟ್ ಕೇಳ್ಲಿಲ್ಲ. ಅವ್ನು ಅಷ್ಟು ಜನರ ಎದ್ರು ನಂಗೆ ಚೀಟಿ ಹರಿದು ಕೊಟ್ಟ. ಇನ್ನು ನಾನಲ್ಲಿ ನಿಲ್ಸಿದ್ರೆ ಬಿಟ್ಟಿ ಊಟಕ್ಕೆ ನಿಲ್ಸ್ತಾನೆ ಅಂತ ಆಗುತ್ತೆ. ನಾನು ಹಂಗೆ ನಿಲ್ಸಿದ್ದಲ್ಲ.”

ನನಗೆ ಅಳು ಬಂತು. ಅವರು ಎಂಜಿನ್ ಸ್ಟಾರ್ಟ್ ಮಾಡಿದರು.

ಸಾಗರದಲ್ಲಿ ನೇರ ಭಾವನ ಅಂಗಡಿಗೆ ಹೋದೆ. ಅವರ ಎದುರು ಕೂತು ಮಾತಾಡಿದವಳೇ ಅಲ್ಲ ನಾನು. ಆ ದಿನವೂ ಕೂರಲಿಲ್ಲ. ಪೇಂಟ್ ಡಬ್ಬಿಗಳ ನಡುವೆ ನಿಂತು, ಟಿಕೆಟ್ಟನ್ನು ಮೇಜಿನ ಮೇಲೆ ಇಟ್ಟೆ.

“ಎಂತ ಇದು?”

“ನಮ್ಮ ಬಸ್ಸಿನ ಟಿಕೆಟ್ ಭಾವ. ಇವತ್ತು ಕೊಟ್ರು.”

ಅವರು ಅದನ್ನು ಕೈಗೆತ್ತಿಕೊಂಡು ನೋಡಿದರು. ಹೇಳಬೇಕೆಂದಿದ್ದದ್ದೆಲ್ಲ ನನಗೆ ಮರೆತುಹೋಗಿತ್ತು, ನೆನಪಿದ್ದಷ್ಟು ಹೇಳಿಬಿಟ್ಟೆ. “ಮಿಷನ್ನಿಗೆ ನೀವೆಷ್ಟು ಕಟ್ಟಿದ್ರಿ ಅಂತ ನಂಗೊತ್ತು. ಅದ್ರ ರೇಟು ಅಷ್ಟೇ ಅಲ್ಲ ಭಾವ. ನಾವು ಬಸ್ಸನ್ನೂ ಕೊಟ್ಟಿದೀವಿ. ಮತ್ತೆ ಸೇಲ್ ಏರಿತ್ತಲ್ಲ, ಅದ್ರಲ್ಲಿ ನನ್ನ ಹಾಲಿನ ದುಡ್ಡೂ ಇತ್ತು. ಲಾರೆನ್ಸಣ್ಣನ ಬಿಲ್ ನಾನು ಕಟ್ತಿದ್ದೆ.”

ಬೈಯುತ್ತಾರೆ ಎಂದುಕೊಂಡೆ. ಅವರು ಟಿಕೆಟ್ಟು ಕೆಳಗಿಡಲೇ ಇಲ್ಲ. “ನಂಗೂ ಹೆದ್ರಿಕೆ ಸುಮಿತ್ರಾ. ಇಲ್ಲಿ ಅಂಗಡಿ ನಡೀತಾ ಇಲ್ಲ. ಮೇಲಿನ ರಸ್ತೇಲಿ ದೊಡ್ಡ ಅಂಗಡಿ ಬಂದಿದೆ. ಹೋಟೆಲಲ್ಲಾದ್ರೂ ಎಷ್ಟು ಬರುತ್ತೆ ಅಂತ ಕಣ್ಣಾರೆ ನೋಡ್ತಾ ಇದ್ರೆ ಧೈರ್ಯ ಅನ್ನಿಸ್ತಿತ್ತು” ಎಂದರು. ಭಾವನಿಗೂ ಭಯ ಇರಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವರಿಗೆ ಧೈರ್ಯ ಬರಲೆಂದು ತಂದ ಮಿಷನ್ನು ನನ್ನ ಧೈರ್ಯ ತಿಂದಿತ್ತು.

ಮರುದಿನ ಬೆಳಿಗ್ಗೆ ಮಳೆ ಬಿಟ್ಟೇ ಇರಲಿಲ್ಲ. ಬಸ್ಸು ತಿರುವಿನಲ್ಲಿ ಕಂಡಿತು, ಗುಂಡಿಯ ಹತ್ತಿರ ನಿಧಾನವಾಯಿತು. ನಾನು ನೋಡುವುದನ್ನೇ ಬಿಟ್ಟಿದ್ದೆ. ಬಾಗಿಲು ತೆರೆದ ಸದ್ದಾಗಿ ತಲೆ ಎತ್ತಿದರೆ ಭಾವ ಇಳಿಯುತ್ತಿದ್ದಾರೆ. ಕಾರು ಬಿಟ್ಟು ಬಸ್ಸಿನಲ್ಲಿ ಬಂದಿದ್ದರು, ಕೈಯಲ್ಲಿ ಟಿಕೆಟ್ಟು. ಬಸ್ಸಿನ ಎಂಜಿನ್ ಓಡುತ್ತಲೇ ಇತ್ತು. ಲಾರೆನ್ಸಣ್ಣ ಎದುರಿನ ರಸ್ತೆ ನೋಡುತ್ತಾ ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡಿದ್ದರು. ಭಾವ ಕೈ ತೋರಿಸಿ “ನಿಲ್ಲಿ” ಎಂದು, ಯಾರ ಹತ್ತಿರವೂ ಮಾತಾಡದೆ ನೇರ ಅಡುಗೆಮನೆಗೆ ಹೋದರು. ತಾವೇ ತಟ್ಟೆ ತೆಗೆದುಕೊಂಡು, ಕಡುಬು ಇಟ್ಟು, ಚಟ್ನಿ ಬಡಿಸಿಕೊಂಡು, ಬರಿತಲೆಯಲ್ಲಿ ಮಳೆಗೆ ಇಳಿದು ಡ್ರೈವರನ ಕಿಟಕಿಯ ಕೆಳಗೆ ತಟ್ಟೆ ಎತ್ತಿ ಹಿಡಿದು ನಿಂತರು.

ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಗಣೇಶ ನನ್ನ ಕೈ ಹಿಡಿದುಕೊಂಡಿದ್ದರು, ನಾವು ಹೊರಗೆ ಯಾವತ್ತೂ ಹಾಗೆ ಕೈ ಹಿಡಿದವರಲ್ಲ. ಲಾರೆನ್ಸಣ್ಣ ತಿರುಗಲಿಲ್ಲ. ಭಾವನ ಅಂಗಿ ಬೆನ್ನಿಗೆ ಅಂಟಿತು. ತಟ್ಟೆಯ ಅಂಚಿನಿಂದ ನೀರು ಸುರಿಯತೊಡಗಿತು.

ಆಮೇಲೆ ಲಾರೆನ್ಸಣ್ಣ ಬಗ್ಗಿ ನೋಡಿದರು. “ಚಟ್ನಿಗೆ ನೀರು ಬೀಳ್ತಾ ಇದೆ ಮಾರಾಯ. ಒಳಗೆ ನಡಿ” ಎಂದರು. ಎಂಜಿನ್ ನಿಂತಿತು.

ಮಿಷನ್ನು ಈಗಲೂ ಇದೆ. ಪ್ರತಿ ವರ್ಷ ಅದರ ಬಾಡಿಗೆ ಕಟ್ಟುತ್ತೇವೆ, ಪ್ರತಿ ವರ್ಷ ಏರುತ್ತದೆ. ಓಟಿಪಿಯನ್ನು ಭಾವ ನನ್ನ ಮೊಬೈಲಿಗೆ ಹಾಕಿಸಿದರು. ಅದಕ್ಕೂ ಬೇರೆ ದುಡ್ಡು. ಕುಂದಾಪುರದ ಪಾರ್ಟಿಗೆ ‘ಬರುವ ವರ್ಷ ನೋಡುವಾ’ ಎಂದಿದ್ದರು, ದೀಪಾವಳಿ ಬಂದಾಗಲೆಲ್ಲ ಅದನ್ನೇ ಹೇಳುತ್ತಾರೆ, ನಾನು ದೀಪಾವಳಿ ಬಂದಾಗಲೆಲ್ಲ ನಡುಗುತ್ತೇನೆ. ಈಗ ಆ ಬಸ್ಸಿಗೂ ಏನೇನೋ ಕೂರಿಸಿದ್ದಾರೆ. ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಓನರು ಕೂತಲ್ಲೇ ನೋಡುತ್ತಾರಂತೆ. ಲಾರೆನ್ಸಣ್ಣನಿಗೆ ವಯಸ್ಸಾಯಿತು, ಅವರ ನಂತರ ಆ ಬ್ರೇಕಿನ ಮೇಲೆ ಕಾಲಿಡುವವರು ಯಾರೋ.

ಹೋದ ವಾರ ಸಾಗರದಲ್ಲಿ ದೋಸೆ ಅರ್ಧಕ್ಕೆ ಬಿಟ್ಟು, ಬಿಲ್ಲು ಕೊಟ್ಟು, ಸಂಜೆ ನಿಟ್ಟೂರಿನವರೆಗೆ ಇನ್ನೊಂದು ಸಲ ಹೋಗುವ ಅದೇ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತೆವು. ಬಸ್ಸು ಹೊರಟಿತು. ಉಮೇಶ ಮಿಷನ್ನು ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರವೇ ಬರತೊಡಗಿದ. ಚರ್ರ್, ಚರ್ರ್. ನಾನು ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪರ್ಸಿನ ಜಿಪ್ಪು ಎಳೆದೆ. ಅವನು ನಮ್ಮ ಪಕ್ಕ ಬಂದ, ಕಿಟಕಿಯಾಚೆ ಏನನ್ನೋ ನೋಡಿದ, ದಾಟಿ ಹೋಗಿ ಹಿಂದಿನ ಸೀಟಿನವರನ್ನು ಕೇಳಿದ, “ಎಲ್ಲಿಗೆ?”